ಆಯುಧವೂ ಅಪ್ರಮಾದವೂ

ತಂದೆತಾತಂದಿರು ಬಿಟ್ಟುಹೋದ ಸೊತ್ತಿನಲ್ಲಿ ಹೊಲಮನೆಗಳ ವಿಚಾರ ಸುಲಭವಾದದ್ದು. ಅವುಗಳ ಫಲವನ್ನುಂಡು, ಅವು ಕೆಡದಂತೆ ನೋಡಿಕೊಂಡು, ಮುಂದಿನವರ ಕೈಗೆ ಒಪ್ಪಿಸಿದಲ್ಲಿ ಉತ್ತರಾಧಿಕಾರಿಯ ಕರ್ತವ್ಯ ಬಹುಮಟ್ಟಿಗೆ ನೆರವೇರಿದಂತೆಯೇ. ಆದರೆ ಆ ಸೊತ್ತಿನ ನಡುವೆ ಒಂದು ಆಯುಧವೂ ಇದ್ದು, ಅದನ್ನು ಕಾಪಾಡುವುದೆಂದರೆ ಅದರ ಕೊಲ್ಲುವ ಶಕ್ತಿಯನ್ನೇ ಕಾಪಾಡುವುದೆಂದು ಆಗುವುದಾದರೆ, ಪಿತೃಋಣವೂ ಅಹಿಂಸೆಯೂ ಒಂದಕ್ಕೊಂದು ಇದಿರಾಗಿ ನಿಲ್ಲುತ್ತವೆ.

ಅಮೆರಿಕದ ಎಷ್ಟೋ ಕುಟುಂಬಗಳಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. 1873ರಲ್ಲಿ ಆ ದೇಶದ ಸೈನ್ಯವು ಅಂಗೀಕರಿಸಿದ ಕೋಲ್ಟ್ ರಿವಾಲ್ವರು ಮುತ್ತಾತನ ಸೊಂಟದಿಂದ ಇಳಿದು ಮರಿಮಗನ ಪೆಟ್ಟಿಗೆಯನ್ನು ಸೇರಿರುವ ಮನೆಗಳು ಅಲ್ಲಿ ಉಂಟು. ಅದರ ಮೂಲ ತೋಟಾದಲ್ಲಿ ಇದ್ದದ್ದು 40 ಗ್ರೇನ್ ಕರಿಮದ್ದು ಮತ್ತು 255 ಗ್ರೇನ್, ಎಂದರೆ ಸುಮಾರು 16.5 ಗ್ರಾಂ ತೂಕದ ಸೀಸದ ಗುಂಡು. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಹುಟ್ಟಿತು. ಆದರೆ ಆ ಹೊಸ ಮದ್ದಿನ ಒತ್ತಡವನ್ನು ತಮ್ಮ ರಿವಾಲ್ವರು ತಾಳೀತೆಂದು ಕೋಲ್ಟಿನವರು ಭರವಸೆ ಕೊಟ್ಟದ್ದು 1900ರಲ್ಲಿ. ಅದಕ್ಕೂ ಹಿಂದಿನ ಮೆದು ಲೋಹದ ಆಯುಧವನ್ನು ಪಡೆದವನು ಅಂಗಡಿಯ ತೋಟಾವನ್ನು ಕಣ್ಣುಮುಚ್ಚಿ ತುಂಬುವಂತಿಲ್ಲ. ಆದಕಾರಣ ತಾನೇ ಸೀಸವನ್ನು ಕರಗಿಸಿ, ಗುಂಡನ್ನು ಎರಕ ಹೊಯ್ದು, ತೋಟಾವನ್ನು ಕೈಯಿಂದಲೇ ಕಟ್ಟಿಕೊಳ್ಳುವ ಪರಿಪಾಠ ಅಲ್ಲಿ ಬೆಳೆದು ಬಂದಿದೆ. ನಮ್ಮಲ್ಲಿ 1959ರ ಆಯುಧ ಕಾನೂನಿನಂತೆ ಲೈಸೆನ್ಸ್ ಇಲ್ಲದೆ ಮದ್ದುಗುಂಡುಗಳನ್ನು ತಯಾರಿಸುವುದು ಅಪರಾಧ. ಅಲ್ಲಿ ಸ್ವಂತ ಉಪಯೋಗಕ್ಕೆ ಮಾಡಿಕೊಳ್ಳುವವನಿಗೆ ಕೇಂದ್ರದ ಕಾನೂನು ಲೈಸೆನ್ಸ್ ಕೇಳುವುದಿಲ್ಲ.

ಈ ಕೆಲಸವನ್ನು ಹತ್ತಿರದಿಂದ ನೋಡತಕ್ಕದ್ದು. ಸೀಸ ಕರಗುವುದು 327 ಡಿಗ್ರಿ ಶಾಖದಲ್ಲಿ. ಅದಕ್ಕೆ ಕೊಂಚ ತವರವನ್ನು ಬೆರೆಸಿದರೆ ಅಚ್ಚಿನ ಮೂಲೆಮೂಲೆಗೂ ಸರಾಗವಾಗಿ ಹರಿಯುತ್ತದೆ, ಆಂಟಿಮನಿ ಸೇರಿದರೆ ಗಡಸಾಗುತ್ತದೆ. ಜೇನುಮೇಣದ ಚೂರೊಂದನ್ನು ಹಾಕಿ ಕಲಕಿದಾಗ ಕಿಟ್ಟವೆಲ್ಲ ಮೇಲಕ್ಕೆದ್ದು, ಕೆಳಗಿನ ಲೋಹ ಕನ್ನಡಿಯಂತೆ ತಿಳಿಯಾಗುತ್ತದೆ. ಅಚ್ಚು ತಕ್ಕಷ್ಟು ಬಿಸಿಯಾಗದಿದ್ದಲ್ಲಿ ಗುಂಡಿನ ಮೈಯೆಲ್ಲ ಸುಕ್ಕುಗಟ್ಟುತ್ತದೆ. ಅಂಥವನ್ನು ಮರಳಿ ಕುಲುಮೆಗೆ ಹಾಕಬೇಕು. ಕರಗಿದ ಸೀಸದೊಳಕ್ಕೆ ಒಂದು ಹನಿ ನೀರು ಸೇರಿದರೂ ಅದು ಕ್ಷಣಾರ್ಧದಲ್ಲಿ ಆವಿಯಾಗಿ ಲೋಹವನ್ನು ಮುಖಕ್ಕೆ ಎರಚುತ್ತದೆ. ಇಷ್ಟಾದ ಮೇಲೆ ಮದ್ದಿನ ಅಳತೆ. ಕರಿಮದ್ದು ಹಿತ್ತಾಳೆಯ ಕೊಳವೆಯನ್ನು ಕಂಠದವರೆಗೂ ತುಂಬುವುದರಿಂದ ಎರಡನೆಯ ಸಲ ಸುರಿದರೆ ಹೊರಚೆಲ್ಲಿ ತಪ್ಪನ್ನು ತಾನೇ ಸಾರುತ್ತದೆ. ಹೊಸ ಮದ್ದಾದರೋ ಕೊಳವೆಯ ತಳದಲ್ಲಿ ಚಿಟಿಕೆಯಷ್ಟಾಗಿ ಕುಳಿತುಬಿಡುವುದರಿಂದ, ಮರೆತು ಎರಡು ಸಲ ಸುರಿದರೂ ಮೇಲೆ ಗುಂಡು ಕೂತ ಮೇಲೆ ಗುರುತು ಸಿಕ್ಕದು. ಒಂದು ಗಳಿಗೆಯ ಮೈಮರೆವಿನಿಂದ ನಳಿಗೆ ಸಿಡಿದೀತು, ಬೆರಳು ಹೋದೀತು. ಆದ್ದರಿಂದ ಬಲ್ಲವರು ಕೇಪು ಕೂರಿಸಿದ ಕೊಳವೆಗಳನ್ನು ಸಾಲಾಗಿ ಇರಿಸಿ, ಗುಂಡು ಕೂರಿಸುವ ಮುನ್ನ ದೀಪ ಹಿಡಿದು ಒಂದೊಂದರೊಳಕ್ಕೂ ಇಣುಕುತ್ತಾರೆ.

ಹಾಗೆ ಇಣುಕುವ ಕಣ್ಣಿನಲ್ಲಿರುವುದನ್ನು ನಮ್ಮ ಶಾಸ್ತ್ರಗಳ ಭಾಷೆಯಲ್ಲಿ ಅಪ್ರಮಾದವೆನ್ನಬೇಕು. ಜೈನಾಚಾರ್ಯ ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಹಾನಿಯೊಂದನ್ನೇ ಹೇಳಿ ಸುಮ್ಮನಾಗದೆ, ಆ ಹಾನಿಯ ಬೇರಿನಲ್ಲಿರುವ ಪ್ರಮಾದವನ್ನು ಎತ್ತಿ ತೋರಿಸುತ್ತದೆ. ಹಾಗಿದ್ದಲ್ಲಿ, ಕಸುಬಿನ ಆದ್ಯಂತವೂ ಎಚ್ಚರವನ್ನೇ ವ್ರತವಾಗಿ ಹಿಡಿದವನು, ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಹೊಡೆದು, ಅಲ್ಲಿ ಹುಗಿದ ಸೀಸವನ್ನೇ ಹೆಕ್ಕಿ ತಂದು ಮತ್ತೆ ಎರಕ ಹೊಯ್ಯುವವನು, ಹಿಂಸೆಯಿಂದ ಸಂಪೂರ್ಣವಾಗಿ ಮುಕ್ತನೆಂದು ಹೇಳಬಹುದಲ್ಲವೆ? ಇದು ಸುಲಭವಾಗಿ ತಳ್ಳಿಹಾಕತಕ್ಕ ವಾದವಲ್ಲ.

ಆದರೆ ಅದೇ ಗ್ರಂಥವು ಕರ್ಮದ ಆಶ್ರಯಗಳನ್ನು ವಿಭಾಗಿಸುವಾಗ ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಮೆಟ್ಟಿಲುಗಳನ್ನು ಹೇಳುತ್ತದೆ: ಮನಸ್ಸಿನಲ್ಲಿ ಸಂಕಲ್ಪಿಸುವುದು ಮೊದಲನೆಯದು, ಸಾಧನಗಳನ್ನು ಜೋಡಿಸುವುದು ಎರಡನೆಯದು, ಕಾರ್ಯಕ್ಕೆ ತೊಡಗುವುದು ಮೂರನೆಯದು. ಇವನ್ನು ಮನೋವಾಕ್ಕಾಯಗಳಿಂದಲೂ, ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು ಎಂಬ ಮೂರರಿಂದಲೂ, ಕ್ರೋಧ ಮಾನ ಮಾಯೆ ಲೋಭಗಳೆಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಬಗೆಗಳಾಗುತ್ತವೆ. ತೋಟಾ ಕಟ್ಟುವವನ ಸ್ಥಿತಿಯ ವೈಚಿತ್ರ್ಯ ಇಲ್ಲಿ ಬಯಲಾಗುತ್ತದೆ. ಅವನಲ್ಲಿ ಕೊಲ್ಲುವ ಸಂಕಲ್ಪವಿಲ್ಲ, ಕೊಲ್ಲುವ ತೊಡಗುವಿಕೆಯೂ ಇಲ್ಲ. ನಡುವಣ ಮೆಟ್ಟಿಲು ಮಾತ್ರ, ಅತ್ಯಂತ ಪರಿಷ್ಕಾರವಾಗಿ, ಅಣಿಯಾಗಿ ನಿಂತಿದೆ. ಹೀಗೆ ಅಣಿಯಾದದ್ದು ಮಾಡಿದವನ ಸಂಕಲ್ಪಕ್ಕೇ ಕಾಯಬೇಕೆಂಬ ನಿಯಮವಿಲ್ಲ. ಬೇರೊಬ್ಬನ ಒಂದು ನಿಮಿಷದ ಕೋಪಕ್ಕೂ ಅದು ಅಷ್ಟೇ ವಿಧೇಯವಾಗಿ ಸಲ್ಲುತ್ತದೆ.

ಇಲ್ಲಿ ಪ್ರಶ್ನೆಯಿರುವುದು ಎಚ್ಚರ ಉಂಟೋ ಇಲ್ಲವೋ ಎಂಬುದರಲ್ಲಲ್ಲ, ಆ ಎಚ್ಚರ ಎಲ್ಲಿಯವರೆಗೆ ಹರಡಿದೆ ಎಂಬುದರಲ್ಲಿ. ಹಳೆಯ ಲೋಹ ನೊಂದೀತೆಂದು ಮದ್ದನ್ನು ಅಳೆದಳೆದು ಹಾಕುವವನಲ್ಲಿ ಒಂದು ವಿಧದ ದಯೆ ಇರುವುದು ನಿಜ. ಆ ದಯೆ ಕಬ್ಬಿಣಕ್ಕೂ ತನ್ನ ಕೈಬೆರಳಿಗೂ ಮಾತ್ರ ಮುಡಿಪಾಗಿದ್ದರೆ ಅದು ಕುಶಲತೆ. ನಳಿಗೆಯ ಇನ್ನೊಂದು ತುದಿಯಲ್ಲಿ ಎಂದಾದರೂ ನಿಂತಿರಬಹುದಾದ ಜೀವಕ್ಕೂ ಸಂದರೆ ಆಗ ಧರ್ಮವೆನಿಸುತ್ತದೆ. ಆತ್ಮರಕ್ಷಣೆಗಾಗಿ ಒದಗುವ ವಿರೋಧಿ ಹಿಂಸೆಯನ್ನು ಗೃಹಸ್ಥನಿಗೆ ಜೈನಾಚಾರ್ಯರೂ ಪೂರ್ತಿಯಾಗಿ ನಿಷೇಧಿಸಲಿಲ್ಲ. ಆದರೆ ಆ ವಿನಾಯಿತಿ ಒದಗಿಬಂದ ಆಪತ್ತಿಗೆ ಸಂಬಂಧಿಸಿದ್ದೇ ಹೊರತು ಪೆಟ್ಟಿಗೆಯಲ್ಲಿಟ್ಟ ಅಭಿಮಾನಕ್ಕಲ್ಲ.

ಆ ಅಮೆರಿಕದ ಮನೆಗಳಲ್ಲಿ ಓದುವ ಬೈಬಲಿನಲ್ಲಿಯೂ ಈ ದ್ವಂದ್ವ ಕಾಣುತ್ತದೆ. ಕತ್ತಿಗಳನ್ನು ಬಡಿದು ನೇಗಿಲ ಗುಳಗಳನ್ನಾಗಿ ಮಾಡುವ ಕಾಲವನ್ನು ಯೆಶಾಯನು ಕಂಡರೆ, ಗುಳಗಳನ್ನೇ ಕತ್ತಿಗಳನ್ನಾಗಿ ಬಡಿಯಿರೆಂಬ ಕರೆಯನ್ನು ಯೋವೇಲನ ಗ್ರಂಥ ಕೊಡುತ್ತದೆ. ಲೋಹಕ್ಕೆ ಎರಡೂ ಸಮಾನ. ಯಾವ ಅಚ್ಚಿಗೆ ಹೊಯ್ಯಬೇಕೆಂಬ ನಿರ್ಣಯ ಮನುಷ್ಯನದು. ಆ ನಿರ್ಣಯ ಎಷ್ಟು ಕಠಿನವೆಂಬುದಕ್ಕೆ ಅರ್ಜುನನೇ ಸಾಕ್ಷಿ. ಕೃಷ್ಣಾವಸಾನದ ತರುವಾಯ, ದಾರಿಯಲ್ಲಿ ಅಡ್ಡಗಟ್ಟಿದ ಆಭೀರರ ಇದಿರಿನಲ್ಲಿ ಗಾಂಡೀವವು ಕೈಕೊಟ್ಟಿತ್ತು; ಆದರೂ ಮಹಾಪ್ರಸ್ಥಾನಕ್ಕೆ ಹೊರಟಾಗಲೂ ಅವನು ಅದನ್ನು ಬಿಡಲಿಲ್ಲ, ಅದಕ್ಕೆ ಕಾರಣ ರತ್ನದಂಥ ವಸ್ತುವಿನ ಮೇಲಿನ ಲೋಭವೆಂದೇ ಮಹಾಭಾರತ ಹೇಳುತ್ತದೆ. ಕಡೆಗೆ ಅಗ್ನಿಯೇ ದಾರಿಗಡ್ಡ ನಿಂತು, ವರುಣನಿಂದ ತಂದದ್ದನ್ನು ವರುಣನಿಗೇ ಹಿಂದಿರುಗಿಸೆಂದು ಕೇಳಬೇಕಾಯಿತು. ವೀರನಿಗೆ ಯುದ್ಧವನ್ನು ಬಿಡುವುದಕ್ಕಿಂತ ಬಿಲ್ಲನ್ನು ಬಿಡುವುದು ಕಷ್ಟವಾಯಿತು.

ನಮಗೆ ಅಂಥ ಅಗ್ನಿ ಇದಿರಾಗುವುದಿಲ್ಲವಾದುದರಿಂದ ಕೇಳಬೇಕಾದ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳತಕ್ಕದ್ದು. ಶ್ರಾವಕನ, ಎಂದರೆ ಜೈನ ಗೃಹಸ್ಥನ, ಅನರ್ಥದಂಡ ವಿರತಿಯೆಂಬ ವ್ರತದಲ್ಲಿ ಹಿಂಸಾದಾನದ ನಿಷೇಧವೊಂದಿದೆ: ಹಿಂಸೆಯ ಉಪಕರಣವನ್ನು ಇನ್ನೊಬ್ಬನ ಕೈಗೆ ಕೊಡದಿರುವುದು. ಉತ್ತರಾಧಿಕಾರವೆಂದರೆ ಕೊಡುವುದೇ ಆಗಿರುವುದರಿಂದ, ವಂಶದ ರಿವಾಲ್ವರಿನ ಧರ್ಮ ಪರೀಕ್ಷೆಗೆ ಒಳಗಾಗುವುದು ಗುಂಡು ಎರೆಯುವಾಗ ಅಲ್ಲ, ಅದನ್ನು ಮುಂದಿನ ತಲೆಗೆ ದಾಟಿಸುವಾಗ. ದೀಪ ಹಿಡಿದು ಕೊಳವೆಯೊಳಕ್ಕೆ ಇಣುಕಿದ ಅದೇ ನಿಷ್ಠೆಯಿಂದ ಆತನು ತನ್ನ ಮಕ್ಕಳ ಸ್ವಭಾವದೊಳಕ್ಕೂ ಇಣುಕಬೇಕು. ಅಲ್ಲಿ ಕೋಪವೂ ದುಡುಕೂ ಕಂಡುಬಂದಲ್ಲಿ, ಮತ್ತೆಂದೂ ಸಿಡಿಯದಂತೆ ಅದನ್ನು ಜಡಗೊಳಿಸಿ ಕೊಡುವುದೇ ಸರಿ. ಹಾಗೆ ಮಾಡಿದವನು ಹಿರಿಯರಿಗೆ ದ್ರೋಹ ಬಗೆದನೆಂದು ಹೇಳುವಂತಿಲ್ಲ. ಏಕೆಂದರೆ ಪಿತೃಗಳ ಋಣ ತೀರುವುದು ಅವರ ಕುಲದ ಕ್ಷೇಮದಿಂದ, ಅವರ ಕಬ್ಬಿಣದ ಕ್ಷೇಮದಿಂದಲ್ಲ.