ಮುಗಿಯಿತೇ, ಸರಿಯಾಯಿತೇ?

ಕೆಲಸವನ್ನು ಹಲವು ಕೈಗಳಿಗೆ ಹಂಚಬಹುದು. ಹೊಣೆಯನ್ನೂ ಹಂಚಬಹುದೇ? ಈ ಪ್ರಶ್ನೆಯನ್ನು ನಮಗೆ ಕೇಳಿದ್ದು ನಮ್ಮ ಕಂಪ್ಯೂಟರು.

ಕಳೆದ ಚಳಿಗಾಲದಲ್ಲಿ ಕೂಟದ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಒಪ್ಪಿಕೊಂಡೆವು. ಒಟ್ಟು ೪೧೨ ಪುಟ. ಪ್ರತಿಯೊಂದು ಚಿತ್ರವನ್ನೂ ಚಿಕ್ಕದಾಗಿಸಬೇಕಿತ್ತು. ಯಂತ್ರಕ್ಕೆ ಎಂಟು ಕೋರ್‌ಗಳಿರುವಾಗ ಒಂದೇ ದುಡಿದು ಏಳು ಸುಮ್ಮನಿರುವುದೇಕೆ? ಷೆಲ್ ಆಜ್ಞೆಯ ಕೊನೆಗೆ ಆಂಪರ್‌ಸ್ಯಾಂಡ್ ಚಿಹ್ನೆ ಹಾಕಿ ಎಂಟೆಂಟು ಪುಟಗಳನ್ನು ಏಕಕಾಲಕ್ಕೆ ಓಡಿಸಿದೆವು. ಪ್ರತಿ ಎಂಟರ ಬಳಿಕ ‘ವೇಟ್’ ಎಂಬ ಆಜ್ಞೆ. ಎಲ್ಲವೂ ಮುಗಿಯುವವರೆಗೆ ಕಾಯಬೇಕೆಂದು ಅದರ ಅರ್ಥ. ಷೆಲ್ ಕಾಯಿತು, ಕೊನೆಗೆ ಸೊನ್ನೆ ಎಂದಿತು. ಆ ಲೋಕದಲ್ಲಿ ಸೊನ್ನೆಯೆಂದರೆ ಕ್ಷೇಮ. ನಾವು ನಂಬಿ ಮೂಲ ಸ್ಕ್ಯಾನ್‌ಗಳನ್ನು ಅಳಿಸಿ, ಹಳೆಯ ಕಾಗದಗಳನ್ನೂ ಕಸಕ್ಕೆ ಹಾಕಿದೆವು.

ಯುಗಾದಿಯ ದಿನ ಹಿರಿಯ ಸದಸ್ಯೆಯೊಬ್ಬರು ಕೇಳಿದರು: “ಡಾಕ್ಟ್ರೇ, ನಮ್ಮೆಜಮಾನರ ಶ್ರದ್ಧಾಂಜಲಿ ಬಂದಿತ್ತಲ್ಲ, ಆ ಪುಟದ್ದೊಂದು ಪ್ರತಿ ತೆಗೆದುಕೊಡ್ತೀರಾ?” ಹುಡುಕಿದರೆ ಆ ಪುಟವೇ ಇಲ್ಲ. ಎಣಿಸಿದರೆ ೪೦೯. ಎಂಟೂ ಒಮ್ಮೆಲೇ ಮೆಮೊರಿ ಬೇಡಿದಾಗ ಸಾಲದೆ, ವ್ಯವಸ್ಥೆಯೇ ಮೂರನ್ನು ನಡುವೆ ನಿಲ್ಲಿಸಿಬಿಟ್ಟಿತ್ತು.

ಹಾಗಾದರೆ ಸೊನ್ನೆ ಸುಳ್ಳೇ? ಅಲ್ಲ. ಯಾವ ಕೆಲಸವೆಂದು ಹೆಸರಿಸದೆ ಬರಿಯ ‘ವೇಟ್’ ಎಂದರೆ, ಒಳಗೆ ಎಷ್ಟು ಕೆಟ್ಟಿದ್ದರೂ ಷೆಲ್ ಸೊನ್ನೆಯನ್ನೇ ಕೊಡುತ್ತದೆ. ನಾವು ಕೇಳಿದ್ದು ‘ಮುಗಿಯಿತೇ’ ಎಂದು. ‘ಸರಿಯಾಯಿತೇ’ ಎಂದು ಕೇಳಲೇ ಇಲ್ಲ. ಕೇಳುವ ದಾರಿ ಇಲ್ಲದಿರಲಿಲ್ಲ. ‘ಎಕ್ಸ್‌ಆರ್ಗ್ಸ್’ ಬಳಸಿ ಹೀಗೆ ಓಡಿಸಿದ್ದರೆ, ಒಂದು ಕೆಟ್ಟರೂ ಅದು ಸೊನ್ನೆ ಎನ್ನುತ್ತಿರಲಿಲ್ಲ. ಓಲೆ ಟಾಂಗೆ ಬರೆದ, ೨೦೧೦ರಲ್ಲಿ ಗ್ನೂ ಬಳಗ ಸೇರಿದ ‘ಪ್ಯಾರಲಲ್’ನಲ್ಲಿ ‘ಜಾಬ್‌ಲಾಗ್’ ಎಂದು ಕೇಳಿಕೊಂಡರೆ, ಪ್ರತಿ ಕೆಲಸದ ಫಲವನ್ನೂ ಒಂದೊಂದು ಸಾಲಿನಲ್ಲಿ ಬರೆದಿಡುತ್ತದೆ. ಲೆಕ್ಕದ ಪುಸ್ತಕ ಇತ್ತು. ತೆರೆಯುವ ವ್ಯವಧಾನ ನಮಗಿರಲಿಲ್ಲ.

ವೈದ್ಯರಾದ ನಮಗೆ ಇದು ಹೊಸ ಪಾಠವೇನಲ್ಲ. ವಾರ್ಡಿನ ಪಟ್ಟಿಯಲ್ಲಿ ಇಪ್ಪತ್ತು ಹೆಸರಿದ್ದರೆ “ಎಲ್ಲರೂ ಹುಷಾರು” ಎಂದು ಬೆಳಿಗ್ಗೆ ಒಪ್ಪಿಸಿ ಹೋಗುವುದು ಸುಲಭ. ಆದರೆ ಯಾವ ರೋಗಿಯ ಹೆಸರೂ ‘ಎಲ್ಲರೂ’ ಎಂದಿರುವುದಿಲ್ಲ.

ಏಕಕಾಲಕ್ಕೆ ಹಲವು ಕೆಲಸ ನಡೆಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಉಳಿಸಿದ ಸಮಯದಲ್ಲಿ ಸ್ವಲ್ಪವನ್ನಾದರೂ ಒಂದೊಂದನ್ನೂ ವಿಚಾರಿಸಲು ಕೊಡಬೇಕು. ಇಲ್ಲದಿದ್ದರೆ ಅದು ಉಳಿತಾಯವಲ್ಲ, ಇನ್ನೊಬ್ಬರ ತಲೆಗೆ ಹೊರಿಸಿದ ಸಾಲ. ೪೧೨ಕ್ಕೆ ೪೦೯ ಪರೀಕ್ಷೆಯಲ್ಲಾದರೆ ರ‍್ಯಾಂಕು. ಆ ತಾಯಿಗೆ ಬೇಕಿದ್ದುದು ಒಂದೇ ಪುಟ.

ಎರಡು ಪುಟಗಳು ಮಿತ್ರರ ಕಪಾಟಿನಲ್ಲಿ ಸಿಕ್ಕಿವೆ. ೧೯೯೪ರ ದೀಪಾವಳಿ ಸಂಚಿಕೆಯ ಏಳನೆಯ ಪುಟ ಇನ್ನೂ ಸಿಕ್ಕಿಲ್ಲ. ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಈ ಸಲ ಒಂದೇ ಪುಟ, ನಾವೇ ಕುಳಿತು ಮಾಡುತ್ತೇವೆ.