ಎದುರಿನವನ ಕಣ್ಣು

ಬೆಳಕನ್ನು ಬೇಡುವುದು ಮನುಷ್ಯನ ಅತ್ಯಂತ ಪ್ರಾಚೀನವಾದ ಪ್ರಾರ್ಥನೆಗಳಲ್ಲೊಂದು. ಆದರೆ ಬೇಡಿದ ಬೆಳಕು ಕೈಗೆ ಬಂದ ಮೇಲೆ ಅದನ್ನು ಎಷ್ಟು, ಎತ್ತ, ಯಾರ ಮೇಲೆ ಚೆಲ್ಲಬೇಕೆಂಬ ಪ್ರಶ್ನೆಯನ್ನು ನಾವು ಅಷ್ಟೇ ಶ್ರದ್ಧೆಯಿಂದ ಕೇಳಿಕೊಂಡಂತೆ ತೋರುವುದಿಲ್ಲ. ಈ ಜಿಜ್ಞಾಸೆ ವೇದಾಂತಿಗಳ ಮಠದಲ್ಲಿ ಮಾತ್ರ ಹುಟ್ಟತಕ್ಕದ್ದಲ್ಲ. ಮುಂಬ್ರಾ ಬೈಪಾಸಿನಲ್ಲಿ ರಾತ್ರಿಯ ಹೊತ್ತು ಹಳೆಯದೊಂದು ಸ್ಪೋರ್ಟ್ಸ್ ಕಾರನ್ನು ನಡೆಸುವವನ ಮುಂದೆಯೂ ಅದು ಬಂದು ನಿಲ್ಲುತ್ತದೆ, ಮತ್ತು ಅಲ್ಲಿ ಅದಕ್ಕೆ ಆ ಕ್ಷಣದಲ್ಲೇ ಉತ್ತರ ಹೇಳಬೇಕಾಗುತ್ತದೆ.

ಪಾರ್ಸಿಕ್ ಗುಡ್ಡದ ಮಗ್ಗುಲನ್ನು ಬಳಸಿ ಸಾಗುವ ಆ ರಸ್ತೆಯಲ್ಲಿ ನ್ಹಾವಾ ಶೇವಾ ಬಂದರಿನ ಕಂಟೇನರ್ ಲಾರಿಗಳು ಭಿವಂಡಿ, ನಾಸಿಕ, ಗುಜರಾತುಗಳ ಕಡೆಗೆ ಹೊರಟಿರುತ್ತವೆ. ಡೊಂಬಿವಲಿಯಿಂದ ಶಿಳ್‌ಫಾಟಾ ಮಾರ್ಗವಾಗಿ ಠಾಣೆಗೆ ಹೋಗಿಬರುವ ನಮ್ಮ ಕನ್ನಡಿಗರೂ ಅವುಗಳ ನಡುವೆಯೇ ದಾರಿ ಮಾಡಿಕೊಳ್ಳಬೇಕು. ಗೋವೆಯಲ್ಲಿ ಹಿಂದೆ ತಯಾರಾಗುತ್ತಿದ್ದ, ಫೈಬರ್‌ಗ್ಲಾಸ್ ಮೈಯ, ಎರಡೇ ಆಸನದ ಸ್ಯಾನ್ ಸ್ಟಾರ್ಮಿನಂತಹ ಕಾರಿನಲ್ಲಿ ಕುಳಿತವನ ಕಣ್ಣು ನೆಲಕ್ಕೆ ಅತಿ ಸಮೀಪದಲ್ಲಿರುವುದರಿಂದ, ಎದುರಿನ ಲಾರಿಯ ದೀಪವು ನೇರವಾಗಿ ಅವನ ಮುಖಕ್ಕೇ ಬಡಿಯುತ್ತದೆ. ತನ್ನ ದೀಪವೋ ಕಾಲಕ್ರಮದಲ್ಲಿ ಮಂಕಾಗಿ ಹಳದಿಗೆ ತಿರುಗಿದೆ. ಹೀಗಿರುವಾಗ ಎಲ್.ಇ.ಡಿ. ಹೆಡ್‌ಲೈಟಿನ ಆಸೆ ಅವನಲ್ಲಿ ಮೂಡುವುದು ಸಹಜವೇ ಹೊರತು ಚಾಪಲ್ಯವಲ್ಲ.

ಆ ಹೊಸ ದೀಪವೂ ಗೌರವಾರ್ಹವಾದ ಒಂದು ತಪಸ್ಸಿನ ಫಲ. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಡಯೋಡನ್ನು ತೋರಿಸಿಕೊಟ್ಟ ಬಳಿಕ, ಉಜ್ಜ್ವಲವಾದ ನೀಲಿ ಬೆಳಕು ಸಾಧ್ಯವಾಗಲು ಮೂರು ದಶಕಗಳ ಕಾಲ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರ ನೊಬೆಲ್ ಪಾರಿತೋಷಕ ಸಂದಿತು. ಆ ನೀಲಿಗೆ ಹಳದಿ ಫಾಸ್ಫರಿನ ಲೇಪ ಕೂಡಿದಾಗ ಬಿಳಿಯ ಬೆಳಕು ಹುಟ್ಟುತ್ತದೆ. ಹ್ಯಾಲೊಜನ್ ಬಲ್ಬು 55 ವ್ಯಾಟು ಬೇಡುವ ಕಡೆ ಇದು ಅದಕ್ಕಿಂತ ಬಹಳ ಕಡಿಮೆ ವಿದ್ಯುತ್ತಿನಲ್ಲಿ ತೃಪ್ತವಾಗಿ, ಹಳೆಯ ಕಾರಿನ ಬಳಲಿದ ವೈರುಗಳ ಭಾರವನ್ನು ಇಳಿಸುತ್ತದೆ.

ಆದರೆ ದೀಪವೆಂದರೆ ಉರಿಯುವ ವಸ್ತು ಮಾತ್ರವಲ್ಲ, ಉರಿಯನ್ನು ಹಿಡಿದ ಪಾತ್ರೆಯೂ ಹೌದು. ನಮ್ಮ ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಚ್-4 ಬಲ್ಬಿನೊಳಗೆ ಎರಡು ತಂತುಗಳುಂಟು; ಡಿಪ್ ಬೆಳಕಿನ ತಂತುವಿನ ಅಡಿಯಲ್ಲಿ ಲೋಹದ ಪುಟ್ಟ ಬಟ್ಟಲೊಂದಿದ್ದು, ಕೆಳಕ್ಕೆ ಬಿದ್ದು ಪ್ರತಿಫಲಿಸಿ ಮೇಲಕ್ಕೆ ಚಿಮ್ಮಬಹುದಾದ ಕಿರಣಗಳನ್ನು ಅದು ತಡೆಯುತ್ತದೆ. ಹಿಂದಿನ ಪ್ರತಿಫಲಕವನ್ನು ಆ ಸೂಕ್ಷ್ಮ ತಂತುವಿನ ಸ್ಥಾನವನ್ನೇ ಲೆಕ್ಕಕ್ಕೆ ಹಿಡಿದು ರೂಪಿಸಲಾಗಿರುತ್ತದೆ. ಅದೇ ಪಾತ್ರೆಗೆ ಚಪ್ಪಟೆಯಾದ ಹಲಗೆಯ ಎರಡು ಮಗ್ಗುಲಲ್ಲಿ ಅಂಟಿಸಿದ ಡಯೋಡುಗಳನ್ನು ತುರುಕಿದರೆ, ಸ್ಥಾನ ಕೂದಲೆಳೆಯಷ್ಟು ತಪ್ಪಿದರೂ ಕಿರಣಗಳು ದಿಕ್ಕುಗೆಡುತ್ತವೆ.

ಮುಂಬ್ರಾದ ಗ್ಯಾರೇಜೊಂದರಲ್ಲಿ ಮಿತ್ರರ ಕಾರಿಗೆ ಇಂಥ ಬಲ್ಬನ್ನು ಹಾಕಿ ಪರೀಕ್ಷಿಸಿದುದನ್ನು ನಾನು ಕಂಡಿದ್ದೇನೆ. ಅಲ್ಲಿಯ ಉಸ್ತಾದರು ಕತ್ತಲಾದ ಮೇಲೆ ಕಾರನ್ನು ಗೋಡೆಯ ಎದುರಿಗೆ ನಿಲ್ಲಿಸಿ, ದೀಪದ ಎತ್ತರಕ್ಕೆ ಸೀಮೆಸುಣ್ಣದ ಗೆರೆಯೊಂದನ್ನು ಎಳೆದರು. ಹಳೆಯ ಬಲ್ಬಿನ ಬೆಳಕು ಮಂದವಾಗಿದ್ದರೂ ಗೆರೆಯ ಕೆಳಗೇ ನಿಂತು, ಎಡಗಡೆ ಮಾತ್ರ, ರಸ್ತೆಯ ಅಂಚನ್ನು ತೋರುವುದಕ್ಕೆಂದು, ತುಸು ಮೇಲೇರಿತ್ತು. ಹೊಸ ಬಲ್ಬನ್ನು ಕೂರಿಸಿದೊಡನೆ ಗೋಡೆಯೆಲ್ಲ ಹಾಲು ಚೆಲ್ಲಿದಂತಾಯಿತು. ಗೆರೆ ಎಲ್ಲಿದೆಯೆಂಬುದೇ ತಿಳಿಯಲಿಲ್ಲ. ಮಿತ್ರರು ಹರ್ಷಗೊಂಡರು, ಉಸ್ತಾದರು ಮಾತ್ರ ಗೆರೆಯ ಮೇಲ್ಭಾಗಕ್ಕೆ ಕೈ ಚಾಚಿ, ಇದು ನಿಮ್ಮದಲ್ಲ, ಎದುರು ಬರುವವನ ಕಣ್ಣು, ಎಂದರು.

ಆ ಮಾತಿಗೆ ಶಾಸನದ ಬೆಂಬಲವೂ ಉಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯು, ದೀಪದ ಮುಂದೆ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ಕಿರಣವನ್ನು ಕೆಳಕ್ಕೆ ಬಾಗಿಸಿರಬೇಕೆಂದು ವಿಧಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವವನು ಮೂರು ಸೆಕೆಂಡು ಕಣ್ಣು ಕಾಣದೆ ಹೋದರೆ, ಅಷ್ಟರಲ್ಲಿ ಐವತ್ತು ಮೀಟರು ದಾರಿಯನ್ನು ಕುರುಡನಾಗಿಯೇ ಕ್ರಮಿಸಿರುತ್ತಾನೆ. ಎದುರಿನವನು ಡಿಮ್ ಮಾಡದಿರುವಾಗ ನಾನೇಕೆ ಮಾಡಲಿ ಎಂದು ವಾದಿಸುವವರುಂಟು; ಆದರೆ ಒಬ್ಬನ ಕುರುಡಿಗೆ ಇನ್ನೊಬ್ಬನ ಕುರುಡು ಪರಿಹಾರವಾದೀತೆ? ಒಂದೇ ತಿರುವಿನಲ್ಲಿ ಕಣ್ಣಿಲ್ಲದವರು ಇಬ್ಬರಾದಾರು, ಅಷ್ಟೆ. ಪರನು ಪಾಲಿಸಿದರೆ ಮಾತ್ರ ನಾನು ಪಾಲಿಸುವೆನೆಂಬುದು ವ್ಯಾಪಾರವಾದೀತೇ ಹೊರತು ಧರ್ಮವಾಗದು.

ಈಶಾವಾಸ್ಯೋಪನಿಷತ್ತಿನ ಋಷಿಯ ಪ್ರಾರ್ಥನೆ ಇಲ್ಲಿ ನೆನಪಿಗೆ ಬರುತ್ತದೆ. ಸತ್ಯವನ್ನು ಮರೆಮಾಡಿರುವುದು ಕತ್ತಲೆಯಲ್ಲ, ಹೊನ್ನಿನ ಹೊಳಪು ಎಂಬುದು ಅವನ ದರ್ಶನ. ಆದುದರಿಂದಲೇ ಅವನು ಸೂರ್ಯನನ್ನು ಇನ್ನಷ್ಟು ಪ್ರಜ್ವಲಿಸೆಂದು ಬೇಡದೆ, ಕಿರಣಗಳನ್ನು ಒಳಕ್ಕೆ ಸೆಳೆದುಕೊಂಡು ತನಗೆ ಕಾಣುವಂತೆ ಮಾಡೆಂದು ಬೇಡುತ್ತಾನೆ. ಮುಂಬ್ರಾದ ಮಸೀದಿಗಳಲ್ಲಿ ಪಠಿಸಲ್ಪಡುವ ಕುರ್‌ಆನಿನ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿಯೂ ಭಗವಂತನ ಪ್ರಕಾಶಕ್ಕೆ ಉಪಮಾನವಾಗಿ ಬರುವುದು ಬಯಲಿನ ಬೆಂಕಿಯಲ್ಲ. ಗೋಡೆಯ ಗೂಡಿನಲ್ಲಿ, ಗಾಜಿನೊಳಗೆ ನೆಲೆಗೊಂಡ ದೀಪ. ಗುಡ್ಡದ ಮೇಲೆ ಮುಂಬ್ರಾದೇವಿಯ ಗುಡಿ, ಕೆಳಗೆ ಮಸೀದಿಗಳ ಸಾಲು ಇರುವ ಆ ಊರಿನಲ್ಲಿ ಈ ಎರಡು ದರ್ಶನಗಳೂ ಒಂದೇ ರಸ್ತೆಗೆ ಸಲ್ಲುತ್ತವೆ: ಮಿತಿಯು ಬೆಳಕಿಗೆ ಕೊರತೆಯಲ್ಲ, ಮಿತಿಯಿಂದಲೇ ಅದು ಅನುಗ್ರಹವಾಗುತ್ತದೆ.

ಹಾಗೆಂದು ಹಳೆಯದನ್ನು ಮುಟ್ಟಕೂಡದೆಂದು ನಾನು ಹೇಳಲಾರೆ. ಜೀರ್ಣೋದ್ಧಾರವನ್ನು ಪುಣ್ಯಕಾರ್ಯವೆಂದೆಣಿಸಿದ ನಾಡು ನಮ್ಮದು. ಆದರೆ ಅಲ್ಲಿ ಹೊಸ ಕಲ್ಲು ಹಳೆಯ ಮಾನಕ್ಕೆ ಹೊಂದಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಮಾಪಕನ ಮೂಲ ವಿವರಗಳನ್ನು ಮನಬಂದಂತೆ ಬದಲಿಸಕೂಡದೆನ್ನುವುದರ ಹಿಂದೆಯೂ ಇಂಥದೇ ವಿವೇಕವಿದೆ. ಮೊದಲು ಮಸುಕಾದ ಗಾಜನ್ನು ಉಜ್ಜಿ, ಕಾಂತಿಗೆಟ್ಟ ಪ್ರತಿಫಲಕವನ್ನು ಬದಲಿಸಿ, ರಿಲೇಯಿಟ್ಟು ಹೊಸ ವೈರು ಎಳೆಯಿಸಿದರೆ, ಹಳೆಯ ಹ್ಯಾಲೊಜನ್ನೇ ಎಷ್ಟೋ ವೇಳೆ ಸಾಕೆನಿಸುವಷ್ಟು ಬೆಳಗುತ್ತದೆ. ಅದೂ ಸಾಲದಾದಲ್ಲಿ, ಬಲ್ಬನ್ನಷ್ಟೇ ತುರುಕದೆ, ತನ್ನದೇ ಪ್ರತಿಫಲಕ ಮಸೂರಗಳೊಡನೆ ಎಲ್.ಇ.ಡಿ.ಗೆಂದೇ ನಿರ್ಮಿತವಾದ ಇಡಿಯ ದೀಪವನ್ನು, ಕಾನೂನಿನ ಅನುಮತಿಯಿದ್ದರೆ ಮಾತ್ರ, ಆರಿಸಿಕೊಳ್ಳತಕ್ಕದ್ದು. ಯಾವುದನ್ನೇ ಆರಿಸಿಕೊಂಡರೂ, ಒಂದು ರಾತ್ರಿ ಕಾರಿನಿಂದಿಳಿದು, ಎಂಟು ಮೀಟರ್ ಮುಂದೆ ಹೋಗಿ, ತಿರುಗಿ ನಿಂತು ಅದನ್ನು ದಿಟ್ಟಿಸತಕ್ಕದ್ದು. ತನ್ನ ದೀಪದ ಎದುರಿಗೆ ತಾನೇ ನಿಂತು ನೋಡದವನಿಗೆ ಅದನ್ನು ಬೆಳಗಿಸುವ ಅಧಿಕಾರ ಇನ್ನೂ ಬಂದಿಲ್ಲವೆಂಬುದೇ ನನ್ನ ದೃಢವಾದ ನಂಬಿಕೆ.