ಸೆರೆವಾಸದಿಂದ ತೀರದ ಋಣ

ಶಕ್ತಿಯಿದ್ದೂ ಮಗುವಿಗೆ ಜೀವನಾಂಶ ಕೊಡದ ತಂದೆ ಪಾಪಿಯೋ, ಅಪರಾಧಿಯೋ, ಬರಿಯ ಸಾಲಗಾರನೋ ಎಂಬ ಪ್ರಶ್ನೆ ಧರ್ಮಶಾಸ್ತ್ರಕ್ಕೂ ಇದೆ, ಕಾನೂನಿಗೂ ಇದೆ. ಪಾಪಕ್ಕೆ ಪ್ರಾಯಶ್ಚಿತ್ತವುಂಟು, ಅಪರಾಧಕ್ಕೆ ಶಿಕ್ಷೆಯುಂಟು. ಅನುಭವಿಸಿದರೆ ಎರಡೂ ಮುಗಿಯುತ್ತವೆ. ಸಾಲ ಹಾಗಲ್ಲ, ಕೊಟ್ಟರಷ್ಟೇ ತೀರುತ್ತದೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವೆಂಬ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ, ಮನುವಿನ ಹೆಸರಿನಲ್ಲಿ ಒಂದು ವಚನವನ್ನು ಎತ್ತಿಕೊಳ್ಳುತ್ತಾನೆ. ಮುಪ್ಪಿನ ತಂದೆತಾಯಿ, ಹೆಂಡತಿ, ಎಳೆಮಗು ಇವರನ್ನು ಮಾಡಬಾರದ ನೂರು ಕೆಲಸ ಮಾಡಿಯಾದರೂ ಸಾಕಬೇಕು ಎಂಬುದು ಅದರ ತಾತ್ಪರ್ಯ. ಮಡಿ-ಮೈಲಿಗೆಯಲ್ಲಿ ಕೂದಲು ಸೀಳುವ ಶಾಸ್ತ್ರ ಇಲ್ಲಿ ಇಷ್ಟು ಸಡಿಲ ಬಿಟ್ಟಿರುವುದು ಸಣ್ಣ ಮಾತಲ್ಲ. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಮುಂದೆ ಹೋಗುತ್ತದೆ. ಅನುಕೂಲವಿದ್ದೂ ಮಕ್ಕಳನ್ನು ಸಾಕದವನಿಗೆ 12 ಪಣ ದಂಡ. ಹೆಂಡತಿ ಮಕ್ಕಳಿಗೆ ದಾರಿ ಮಾಡದೆ ಸಂನ್ಯಾಸ ಹಿಡಿದವನಿಗೂ ದಂಡ. ಮೋಕ್ಷದ ಹಂಬಲವೂ ಇಲ್ಲಿ ನೆಪವಾಗಿ ಸಲ್ಲದು. ಇಸ್ಲಾಮಿನ ನಫಖಾ ಎಂಬ ಜೀವನಾಂಶದ ನಿಯಮ ಕೂಡ ಮಗುವಿನ ಪೋಷಣೆಯನ್ನು ತಂದೆಯ ಮೇಲೆಯೇ ಹೊರಿಸುತ್ತದೆ.

ಈಗಿನ ಕಾನೂನಿನಲ್ಲಿ ಈ ಹೊಣೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಅದಕ್ಕೆ ಮುಂಚೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು. ಮಗು ಮದುವೆಯೊಳಗೆ ಹುಟ್ಟಿತೋ ಹೊರಗೋ ಎಂಬ ಭೇದವಿಲ್ಲ. ಆದೇಶವಾದ ಮೇಲೂ ಸಕಾರಣವಿಲ್ಲದೆ ಹಣ ಕಟ್ಟದಿದ್ದರೆ ದಂಡ ವಸೂಲಿಯ ರೀತಿಯಲ್ಲಿ ವಾರಂಟು ಹೊರಡುತ್ತದೆ. ಆಮೇಲೂ ಉಳಿದ ಬಾಕಿಗೆ, ತಿಂಗಳೊಂದಕ್ಕೆ ಒಂದು ತಿಂಗಳವರೆಗೆ ಸೆರೆ. ನಡುವೆ ಕಟ್ಟಿದರೆ ಬಿಡುಗಡೆ. ನಿಜಕ್ಕೂ ಕೈಲಾಗದವನಿಗೆ ‘ಸಕಾರಣ’ ಎಂಬ ಬಾಗಿಲು ತೆರೆದೇ ಇದೆ. ಆದರೆ ಮೈಯಲ್ಲಿ ಕಸುವಿದ್ದವನು ಕೆಲಸವಿಲ್ಲ ಎಂದಷ್ಟಕ್ಕೇ ನ್ಯಾಯಾಲಯಗಳು ಒಪ್ಪುವುದಿಲ್ಲ.

ಜೈಲಿಗೆ ಹೋಗಿ ಬಂದವನ ಬಾಕಿ ಚುಕ್ತಾ ಆಯಿತೇ? ಕುಲದೀಪ್ ಕೌರ್ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಸೆರೆ ಎಂಬುದು ಹಣ ಹೊರಡಿಸುವ ಒತ್ತಾಯವೇ ಹೊರತು ಹಣಕ್ಕೆ ಬದಲಿಯಲ್ಲ. ತಂದೆ ಅನುಭವಿಸಿದ ಕಷ್ಟದಿಂದ ಮಗುವಿನ ಹೊಟ್ಟೆ ತುಂಬುವುದಿಲ್ಲವಲ್ಲ! ಹೀಗೆ ಕಾನೂನು ಅವನನ್ನು ಮೊದಲು ಸಾಲಗಾರನೆಂದೇ ಎಣಿಸುತ್ತದೆ.

ಸುಳ್ಳು ಸೇರಿದಾಗ ಅಪರಾಧಿಯೂ ಆಗುತ್ತಾನೆ. ಸಂಬಳ ಕಡಿಮೆ ತೋರಿಸುವುದು, ಕೇಸು ಬಿದ್ದ ತಿಂಗಳೇ ರಾಜೀನಾಮೆ ಕೊಡುವುದು, ಜಮೀನನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡುವುದು ಕೌಟುಂಬಿಕ ನ್ಯಾಯಾಲಯಗಳಲ್ಲಿ ಹಳೆಯ ಕಸರತ್ತುಗಳು. ಇದನ್ನು ತಡೆಯಲೆಂದು 2020ರ ರಜನೇಶ್ ವಿರುದ್ಧ ನೇಹಾ ತೀರ್ಪು, ಎರಡೂ ಕಡೆಯವರು ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಸಲ್ಲಿಸಬೇಕೆಂದು ವಿಧಿಸಿತು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದಿತು. ಅಫಿಡವಿಟ್‌ನಲ್ಲಿ ಬೇಕೆಂದೇ ಸುಳ್ಳು ಹೇಳಿದರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಂತೆ 7 ವರ್ಷದವರೆಗೆ ಸಜೆಯಾಗಬಹುದು. ಈ ಕಲಮಿಗೆ ನ್ಯಾಯಾಲಯಗಳು ಸುಲಭವಾಗಿ ಕೈ ಹಾಕುವುದಿಲ್ಲ. ಸುಳ್ಳು ಹೇಳುವವರ ಧೈರ್ಯಕ್ಕೆ ಅದೂ ಒಂದು ಕಾರಣ. ದಾನಪತ್ರದ ಉಪಾಯವೂ ಭದ್ರವಲ್ಲ. ಆಸ್ತಿಯ ಉತ್ಪನ್ನದಿಂದ ಜೀವನಾಂಶ ಪಡೆಯುವ ಹಕ್ಕಿದ್ದಲ್ಲಿ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 39ನೇ ಕಲಮು ಬಿಟ್ಟಿಯಾಗಿ ಪಡೆದವನ ಕೈಯಲ್ಲೂ ಆ ಹಕ್ಕನ್ನು ಉಳಿಸುತ್ತದೆ.

ಈ ಸಾಲಕ್ಕೆ ಇರುವ ಮೇಲುಗೈ ಸಂಬಳ ಜಪ್ತಿಯಲ್ಲಿ ಎದ್ದು ಕಾಣುತ್ತದೆ. ಸಾಧಾರಣ ಸಾಲಕ್ಕಾದರೆ ಸಂಬಳದ ಮೊದಲ 1,000 ರೂಪಾಯಿಯನ್ನೂ ಉಳಿದದ್ದರಲ್ಲಿ ಮೂರರ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ ಮೂರರಲ್ಲಿ ಒಂದು ಪಾಲಿಗಷ್ಟೇ ರಕ್ಷಣೆ. ಬ್ಯಾಂಕಿಗಿಂತ ಮಗು ಮುಂದೆ ನಿಂತಿದೆ.

ಇಷ್ಟಿದ್ದರೂ 144ನೇ ಕಲಮಿನ ವಾರಂಟಿಗೆ ಒಂದು ಗಡುವಿದೆ: ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.